ಹೊಲದಲ್ಲೇ ದೊಡ್ಡ ಕುಂಬಳಕಾಯಿ

ಲಿನ್ಯಾ ಎಸ್ಪೆರಾನ್ಸಾ, ಪ್ರುದೆಂತೋಪೊಲಿಸ್
8 ಮೇ 1979

ಪ್ರೀತಿಯ ಒಸ್ತಾಪ್,

ಕೆಮ್ಮು ಹೇಗಿದೆ? ಅಣೆಕಟ್ಟಿನ ಸಿಮೆಂಟ್ ದೂಳು ಎದೆಗೆ ಒಳ್ಳೆಯದಲ್ಲ. ಕಳಿಸಿದ ಜೇನನ್ನು ನೀನೇ ತಿನ್ನು, ಜೊತೆಯವರಿಗೆಲ್ಲ ಹಂಚಿ ದೊಡ್ಡ ಮನುಷ್ಯನಾಗಬೇಡ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಇಷ್ಟು ದಿನ ಮುಖ ಊದಿಸಿಕೊಂಡಿದ್ದ ಅಜ್ಜ ನಿನ್ನೆಯಿಂದ ನೆಟ್ಟಗೆ ಊಟ ಮಾಡುತ್ತಿದ್ದಾರೆ.

ನೀನು ಹೇಳಿದಂತೆ ನಾವಿಬ್ಬರೂ ಕಸೂತಿ ಬಟ್ಟೆಯಲ್ಲಿ ರೊಟ್ಟಿ ಸುತ್ತಿಕೊಂಡು, ಜಂದೀರಾಳನ್ನು ನಿನಗೆ ಕೇಳಲು ಅವರ ಮನೆಗೆ ಹೋದೆವು. ಬ್ರೆಜಿಲಿನವರಿಗೆ ನಮ್ಮ ಹಿರಿಯರು ಕಡಲಾಚೆಯಿಂದ ತಂದ ಶಾಸ್ತ್ರವೆಲ್ಲ ಏನು ಗೊತ್ತು ಎಂದು ಅಜ್ಜ ದಾರಿಯುದ್ದಕ್ಕೂ ಗೊಣಗಿದರೂ ಮೀಸೆ ತಿರುವಿಕೊಂಡೇ ಬಂದರು. ಅವಳ ತಾಯಿ ಜುಲ್ಮೀರಾ ಬಾಯಿತುಂಬ ಮಾತಾಡಿಸಿ, "ಇವಳಪ್ಪ ಪೇಟೆಯಿಂದ ಬರ್ಲಿ, ಕೇಳಿ ಹೇಳ್ತೀನಿ" ಅಂದಳು. ಹೊರಟಾಗ ಎತ್ತಲಾರದೆ ಎತ್ತಿಕೊಂಡು ಬಂದು ಒಂದು ಸಿಹಿಗುಂಬಳಕಾಯಿಯನ್ನು ನಮ್ಮ ಗಾಡಿಯಲ್ಲಿಟ್ಟಳು. ಹೆಣ್ಣು ಕೇಳಲು ಹೋದವರಿಗೆ ನಮ್ಮವರು ಕುಂಬಳಕಾಯಿ ಯಾವಾಗ ಕೊಡುತ್ತಾರೆಂದು ನಿನಗೆ ಬಿಡಿಸಿ ಹೇಳಬೇಕೆ? ಹುಡುಗಿಯನ್ನು ಕೊಡುವುದಿಲ್ಲ, ನಡೆಯಿರಿ ಎನ್ನಲು. "ಇಷ್ಟು ದೊಡ್ಡದನ್ನ ಈ ಊರಲ್ಲಿ ಯಾರಿಗೂ ಕೊಟ್ಟಿರ್ಲಿಕ್ಕಿಲ್ಲ ಕಣೇ" ಎಂದ ಅಜ್ಜ ಮನೆ ತಲುಪಿದ ಕೂಡಲೇ ಅದನ್ನು ಒಡೆದು ಹಂದಿಗಳಿಗೆ ಹಾಕಿದರು. ನಿನಗೆ ಹೇಗೆ ತಿಳಿಸುವುದೆಂದು ನಾನು ಅತ್ತದ್ದೇ ಅತ್ತದ್ದು. ಕಾಗದ ತಡವಾದದ್ದು ಅದಕ್ಕೇ.

ಆಮೇಲೆ ಚರ್ಚಿನ ಬಾಗಿಲಲ್ಲಿ ಜುಲ್ಮೀರಾ ಎದುರಾದರೆ ಅಜ್ಜ ಮುಖ ತಿರುಗಿಸಿದರು. ನಿನ್ನೆ ಅವಳೇ ಮಗಳನ್ನು ಕರೆದುಕೊಂಡು ಬಂದು ಹೊಸಿಲಲ್ಲೇ ನಿಂತು ಕೇಳಿದಳು: "ನಮ್ಮನೆಯವರು ಒಪ್ಪಿದಾರೆ. ನೀವು ನೋಡಿದ್ರೆ ಮಾತೇ ಆಡಲ್ಲ. ನಮ್ಮ ಹುಡುಗಿ ಬೇಡ ಅಂದ್ರೆ ಬಾಯಿಬಿಟ್ಟು ಹೇಳಿ." ನಾನು ಕುಂಬಳಕಾಯಿಯ ಅರ್ಥ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ ಹಣೆಬರಹವೇ, ಬೀಗರಾಗೋರನ್ನ ಬರಿಗೈಲಿ ಕಳಿಸಬಾರ್ದು ಅಂತ ಹೊಲವೆಲ್ಲ ಹುಡುಕಿ ದೊಡ್ಡದನ್ನೇ ತಂದುಕೊಟ್ನಲ್ಲ." ನನಗೆ ನಗು ತಡೆಯದೆ ಕುರ್ಚಿ ಹಿಡಿದುಕೊಳ್ಳಬೇಕಾಯಿತು. ಕೊಟ್ಟಿಗೆಗೆ ಹೋದ ಅಜ್ಜ ಕಣ್ಣೊರೆಸಿಕೊಂಡು ಬಂದು, "ಕುಂಬಳಕಾಯಿ ಬಹಳ ಚೆನ್ನಾಗಿತ್ತಮ್ಮ" ಎಂದರು. ಹಂದಿಗಳ ಮಾತೆತ್ತಲಿಲ್ಲ. ಎದೆಯ ಮೇಲಿನ ಭಾರ ಇಳಿಯಿತು ಮಗಾ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಅಜ್ಜ ನಿನ್ನ ತಲೆ ಸವರಿದ್ದಾರೆಂದು ತಿಳಿದುಕೋ. ಆ ಎತ್ತರದ ಗೋಡೆಗಳ ಮೇಲೆ ದೇವರು ನಿನ್ನ ಕೈಹಿಡಿದಿರಲಿ.

ನಿನ್ನ ಅಜ್ಜಿ,
ಪರಾಸ್ಕಾ

ಪೇಟೆಗೆ ಹೋಗುವ ಗಾಡಿ ಹೊರಟು ನಿಂತಿದೆ, ಮುಖ್ಯವಾದದ್ದೇ ಮರೆತೆ. ಹೋಗುವಾಗ ಜಂದೀರಾ ನನ್ನ ಕಿವಿಯಲ್ಲಿ, "ಅಜ್ಜಿ, ನೀವು ಅಮ್ಮನ್ನ ಕೇಳಿದ್ರಿ, ಅಮ್ಮ ಅಪ್ಪನ್ನ ಕೇಳಿದ್ಲು. ನನ್ನನ್ನ ಮಾತ್ರ ಯಾರೂ ಕೇಳ್ಲಿಲ್ಲ. ಅವನೇ ಬಂದು ಕೇಳ್ಲಿ, ಅವನಿಗೇ ಹೇಳ್ತೀನಿ" ಅಂದಳು. ಕೆನ್ನೆ ಕೆಂಪಾಗಿತ್ತು. ರಜೆ ಹಾಕಿ ಬಾ.