ಹಣೆಯ ಭಂಡಾರ ಒರೆಸಲು ಬನ್ನಿ

ಘಾಟಬೋರಾಳ

ಬಸವಕಲ್ಯಾಣದ ನಮ್ಮ ಪಕ್ಷದ ಅಧ್ಯಕ್ಷ ಸಂಗ್ರಾಮಪ್ಪ ಸಾಹೇಬರಿಗೆ,

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಹಿಡಿಸಿದ್ದೀರಿ. ಫೋನ್ ಎತ್ತಿದ್ದರೆ ಈ ಕರ್ಮ ಇರಲಿಲ್ಲ.

ಪಕ್ಷ ಎರಡು ಬಣವಾದಾಗ ನೀವೇ ಮೈಲಾರ ಮಲ್ಲಣ್ಣನ ಭಂಡಾರದ ಅರಿಶಿನ ನನ್ನ ಹಣೆಗೆ ಹಚ್ಚಿದಿರಿ. ಆ ಬಣದವರ ಹೊಸಿಲು ದಾಟುವುದಿಲ್ಲ, ನೀರು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದಿರಿ. ಅಳಿಯ ಅಶೋಕಕುಮಾರ ಆ ಬಣದವನೆಂದು ಗೊತ್ತಿದ್ದೂ ಮಾಡಿದೆ.

ಈಗ ಅದೇ ಬಣದ ನಾಯಕನ ಮನೆಯಲ್ಲಿ ನೀವು ಚಹಾ ಕುಡಿಯುವ ಫೋಟೊ ಪೇಪರಿನಲ್ಲಿದೆ. ನಿಮಗೆ ಆಣೆ ಇಲ್ಲ, ನನಗಿದೆ. ಆಣೆ ಬಿಡಬೇಕಾದರೆ ಹಚ್ಚಿದವರೇ ಒರೆಸಬೇಕು.

ಹುಮನಾಬಾದಿನ ಗಂಡನ ಮನೆಯಲ್ಲಿ ಮಗಳು ಅಮೃತಳಿಗೆ ಹೆರಿಗೆಯಾಗಿ ಹನ್ನೊಂದು ದಿನ, ಜ್ವರ ಇಳಿದಿಲ್ಲ. ಮೊನ್ನೆ ಹೊಸಿಲಿನ ಹೊರಗೆ ನಿಂತೇ ಕರೆದೆ. “ನನ್ನ ಮನಿ ನೀರು ಒಲ್ಲೆಂದ್ರ ನನ್ನ ಮಾರಿ ನೋಡಾಕ ಯಾಕ ಬಂದಿ, ಅಪ್ಪಾ?” ಎಂದು ಗೋಡೆಯ ಕಡೆ ಹೊರಳಿದಳು. ಆಣೆ ಮುರಿದು ಒಳಗೆ ಹೋದರೆ ದೇವರ ಶಾಪ ಬಾಣಂತಿಗೇ ತಗಲೀತೆಂದು ಹೆದರಿ ವಾಪಸು ಬಂದೆ.

ಟಿಕೆಟ್ಟು, ಹುದ್ದೆ ಏನೂ ಬೇಡ. ಬಂದು ಹಣೆ ಒರೆಸಿ ಹೋಗಿ.

ಇದೇ ಭಾನುವಾರದೊಳಗೆ ಬರುತ್ತೀರೋ ಇಲ್ಲವೋ ತಿಳಿಸಿ.

ನಿಮ್ಮ ಮಾತು ನಂಬಿದ
ಅಂಬಾದಾಸ