ಮೂರನೇ ಕನ್ನಡಿ

ಸೊರಬ
25 ನವೆಂಬರ್ 2025

ಪ್ರೀತಿಯ ತಮ್ಮ ರಾಹುಲನಿಗೆ ಅಕ್ಕ ಗಂಗಾಶ್ರೀಯ ಆಶೀರ್ವಾದ.

ಇಲ್ಲಿ ನಾನು, ನಿನ್ನ ಭಾವ ಗಣೇಶ್, ಮಗು ಎಲ್ಲರೂ ಆರಾಮ. ನೀನು ಹೇಗಿದ್ದೀಯ ಎಂದು ಕೇಳುವುದು ವಾಡಿಕೆ. ಶಿಕಾರಿಪುರದಲ್ಲಿ ಬಸ್ಸಿಳಿದವರಿಗೆಲ್ಲ ಗೊತ್ತಿರುವ ಸಂಗತಿಯನ್ನು ನಾನು ಬೇರೆ ಏನು ಕೇಳಲಿ? ಕಾಗದ ತಡವಾಯಿತು, ಬೇಸರ ಪಡಬೇಡ. ಗೌಸ್ ಭಾಯಿ ಪಾಪ, ಆ ಲೇಸರ್ ಮಷೀನನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟರು. ಅದನ್ನು ಬಿಚ್ಚಿ ನೋಡಿದ ಮೇಲೆಯೇ ಬರೆಯೋಣ ಎಂದುಕೊಂಡೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಅಮ್ಮ ನಡುವೆ ಬಾಯಿ ಹಾಕುತ್ತಾಳೆ. ಕಾಗದಕ್ಕೆ ಆ ಕಾಟವಿಲ್ಲ, ಓದಲು ಹಿಡಿದವರು ಓದಿ ಮುಗಿಸಬೇಕು. ಇದನ್ನು ನಿನಗೆ ಅಮ್ಮನೇ ಓದುತ್ತಿರುತ್ತಾಳೆ. ಅಮ್ಮ, ನಿಧಾನವಾಗಿ ಓದು, ಸಾಲು ಹಾರಿಸಬೇಡ. ಇವನ ಎಡಗಣ್ಣು ಹುಟ್ಟಿನಿಂದಲೇ ಮಂದ ಎಂದು ಇವನ ಪಾಠವನ್ನೆಲ್ಲ ನನ್ನಿಂದಲೇ ಓದಿಸುತ್ತಿದ್ದೆಯಲ್ಲ, ಆಗ ನಾನೊಂದು ಸಾಲು ಹಾರಿಸಿದರೆ ಸೌಟು ಎತ್ತುತ್ತಿದ್ದೆ. ಈಗ ಬಲಗಣ್ಣೂ ಹೋಯಿತು, ಓದುವ ಸರದಿ ನಿನ್ನದು.

ನಿಮಗೆ ನನ್ನಿಂದ ಏನಾಗಬೇಕು ಎಂಬುದು ಅರ್ಥವಾಗಿದೆ. ಚೈತ್ರಳನ್ನು ನಿನಗೆ ಕೊಡುವ ಮಾತಿನಿಂದ ಅವಳ ಅಪ್ಪ, ತೊಗರ್ಸಿಯ ಉಜ್ಜಪ್ಪನವರು ಹಿಂದೆ ಸರಿಯುತ್ತಿದ್ದಾರೆ. "ತಾನೇ ಮಾಡಿದ್ ಮಷೀನಿಗೆ ತಾನೇ ಕಣ್ಣು ಕೊಟ್ಟೋನಿಗೆ ಮಗಳನ್ನ ಹೆಂಗ್ರೀ ಕೊಡಾದು?" ಎಂದು ಅಮ್ಮನನ್ನೇ ಕೇಳಿದರಂತೆ. ಆದ್ದರಿಂದ ಮಷೀನ್ ಮಾಡಿದವಳು ನಾನು, ಕೆಟ್ಟದಾಗಿ ಮಾಡಿದವಳೂ ನಾನೇ, ನೀನು ಬರೀ ಅದನ್ನು ಹೊತ್ತು ತಿರುಗಿದವನು ಎಂದು ನಾನು ಬರೆದು ಸಹಿ ಹಾಕಿ ಕೊಡಬೇಕು. ಕೊಡುತ್ತೇನೋ ಇಲ್ಲವೋ ಆಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಕೂತು ಕೇಳು, ನಿನಗೀಗ ಎದ್ದು ಹೋಗುವ ಅವಸರವೇನಿಲ್ಲ.

ಆ ಮಷೀನ್ ಹೇಗೆ ತಯಾರಾಯಿತು ಎಂದು ನೀನು ಒಂದು ದಿನವೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಗೌಸ್ ಭಾಯಿಯ ಅಂಗಡಿಗೆ ಆಫೀಸುಗಳಿಂದ ಹಳೆಯ ಪ್ರೊಜೆಕ್ಟರುಗಳು ಗುಜರಿಗೆ ಬರುತ್ತಿದ್ದವು. ಅವುಗಳ ಒಳಗಿನಿಂದ ಲೇಸರ್ ಡಯೋಡುಗಳನ್ನು ಒಂದೊಂದಾಗಿ ಕಿತ್ತು ತಂದೆ, ಕಡಲೆಕಾಳಿನ ಗಾತ್ರದವು. ಒಂದರ ಬೆಳಕು ನಮ್ಮ ಅಟ್ಟಕ್ಕೆ ಸಾಕು, ಕಲ್ಯಾಣ ಮಂಟಪದ ಗೋಡೆಯ ಮೇಲೆ ಚಿತ್ತಾರ ಕುಣಿಸಲು ಸಾಲದು. ಅದಕ್ಕೇ ಅವನ್ನೆಲ್ಲ ಸಾಲಾಗಿ ನಿಲ್ಲಿಸಿ, ಪ್ರತಿಯೊಂದರ ಮುಂದೆ ಉಗುರಿನಷ್ಟು ಕನ್ನಡಿಯನ್ನು ಓರೆಯಾಗಿ ಅಂಟಿಸಿ, ಎಲ್ಲದರ ಬೆಳಕೂ ಒತ್ತೊತ್ತಾಗಿ ಒಂದೇ ದಾರಿ ಹಿಡಿಯುವಂತೆ ಮಾಡಿದೆ. ನಾಲ್ಕು ಜನ ಹೆಗಲು ಕೊಟ್ಟರೆ ಚಟ್ಟ ಏಳುತ್ತದಲ್ಲ, ಹಾಗೆ. ಒಂದು ಕನ್ನಡಿ ಕೂದಲೆಳೆಯಷ್ಟು ಅಲುಗಿದರೂ ಗೋಡೆಯ ಮೇಲೆ ಒಂದು ಚುಕ್ಕೆಯ ಬದಲು ಎರಡು ಬೀಳುತ್ತವೆ. ಅಂಟು ಒಣಗುವ ತನಕ ನಾನು ಉಸಿರು ಕೂಡ ಪಕ್ಕಕ್ಕೆ ತಿರುಗಿ ಬಿಡುತ್ತಿದ್ದೆ. ಅಮ್ಮ ಮೆಟ್ಟಿಲ ಕೆಳಗಿನಿಂದ, "ಕನ್ನಡಿ ಚೂರು ಅಂಟಿಸ್ಕಂಡು ಕೂತೈತೆ ನೋಡು, ಮದುವೆಗೆ ಮೊದ್ಲೇ ಕಣ್ಣು ಕಳ್ಕಂತೈತೆ ಇದು" ಎನ್ನುತ್ತಿದ್ದಳು. ಅಮ್ಮನ ಬಾಯಿ ಸುಳ್ಳಾಗಲಿಲ್ಲ. ವಿಳಾಸ ಮಾತ್ರ ತಪ್ಪಿತು.

ಎಲ್ಲ ಬೆಳಕೂ ಕೂಡಿ ಗೋಡೆಯ ಮೇಲೆ ಒಂದೇ ನೀಲಿ ಚುಕ್ಕೆ ನಿಂತ ದಿನ ನಾನು ಕುಣಿದುಬಿಟ್ಟೆ. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಲಿಲ್ಲ, ಮಗು ಹುಟ್ಟಿದಾಗಲೂ ಆಗಲಿಲ್ಲ. ಓಡಿಬಂದು ಅಮ್ಮನನ್ನು ಕರೆದೆ. ಅಮ್ಮ ನೋಡಿ, ಯೋಚಿಸಿ, "ಹೆಣ್ಣುಡುಗಿ ಮಾಡಿದ್ದು ಅಂದ್ರೆ ಯಾರ್ ಕರೀತಾರೆ ಫಂಕ್ಷನ್ನಿಗೆ? ರಾಹುಲ ಮಾಡಿದ್ದು ಅನ್ನು. ನೀ ಹೆಂಗೂ ಹೋಗೋಳು" ಎಂದಳು. ಹೋದೆ. ಪೆಟ್ಟಿಗೆಯ ಮೇಲೆ 'ರಾಹುಲ್ ಲೇಸರ್ಸ್' ಎಂದು ಬಣ್ಣದಲ್ಲಿ ಬರೆಸಿದಿರಿ. ನನ್ನ ಕೈಬರಹದ ಚೀಟಿಯೊಂದು ಮುಚ್ಚಳಕ್ಕೆ ಅಂಟಿಕೊಂಡಿತ್ತು: ಕರೆಂಟ್ ಇರುವಾಗ ಮುಚ್ಚಳ ತೆಗೆಯಬಾರದು, ತೆಗೆದರೆ ಕಿತ್ತಳೆ ಕನ್ನಡಕ ಹಾಕದೆ ಬಗ್ಗಬಾರದು. ಬಣ್ಣ ಬಳಿಸುವಾಗ ಅದು ಅಂದಗೆಡುತ್ತದೆ ಎಂದು ಕಿತ್ತು ಹಾಕಿದಿರಂತೆ.

ನಿನಗೆ ಬಾಯಲ್ಲೂ ಹೇಳಿದ್ದೆ. ಆ ಕನ್ನಡಕ ನಿನಗೆ ಬಹಳ ಒಪ್ಪುತ್ತಿತ್ತು, ಪ್ರತಿ ಫೋಟೋದಲ್ಲೂ ಇತ್ತು. ಶಿರಾಳಕೊಪ್ಪದ ಆರತಕ್ಷತೆಯಲ್ಲಿ ಗೋಡೆಯ ಮೇಲೆ ಎರಡು ಚುಕ್ಕೆ ಬಿದ್ದಾಗ, ಕರೆಂಟ್ ಇರುವಾಗಲೇ ಮುಚ್ಚಳ ಎತ್ತಿ ಒಳಗೆ ಬಗ್ಗಿದೆಯಲ್ಲ, ಆಗಲೂ ಅದು ನಿನ್ನ ಹಣೆಯ ಮೇಲೆ ಇತ್ತು ಎಂದು ಗೌಸ್ ಭಾಯಿ ಹೇಳಿದರು. ಹಣೆಗೇನೂ ಆಗಲಿಲ್ಲವಲ್ಲ, ಅದೇ ಪುಣ್ಯ.

ಶಿವಮೊಗ್ಗದ ಡಾಕ್ಟರು ನೋಟದ ಅಂಚು ಉಳಿದಿದೆ, ನಡುಭಾಗ ಸುಟ್ಟಿದೆ, ಇನ್ನು ಬರುವುದಿಲ್ಲ ಎಂದರಂತೆ. ಅಂದರೆ ಚೈತ್ರ ಎದುರಿಗೆ ಬಂದು ನಿಂತರೆ ನಿನಗೆ ಅವಳ ಓಲೆ ಕಾಣುತ್ತದೆ, ಜಡೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಚೆಲುವೆ ಎಂದು ಒಪ್ಪಿದ್ದೆಯಲ್ಲ, ನೆನಪಿಟ್ಟುಕೊ. ಅವಳು ನಿನ್ನ ಪಾಲಿಗೆ ಮುದುಕಿಯಾಗುವುದೇ ಇಲ್ಲ.

ಅಮ್ಮ ತೊದಲುತ್ತಿದ್ದರೆ ನೀರು ಕುಡಿಯಲು ಹೇಳು.

ಆಯುಧ ಪೂಜೆಯ ಫೋಟೋ ಕಳಿಸಿದ್ದೆಯಲ್ಲ, ಅದು ಇನ್ನೂ ನನ್ನ ಫೋನಿನಲ್ಲಿದೆ. ಅಮ್ಮ ಮಿಕ್ಸಿಗೆ, ಸ್ಕೂಟರಿಗೆ, ಬಾವಿಯ ಮೋಟರಿಗೆ, ಯಾವುದಕ್ಕೂ ಕುಂಕುಮ ತಪ್ಪಿಸಿದವಳಲ್ಲ. ಈ ಸಲ ಎಲ್ಲದರ ನಡುವೆ ನನ್ನ ಪೆಟ್ಟಿಗೆ ಕೂತಿತ್ತು, ಚೆಂಡುಹೂವಿನ ಹಾರದಲ್ಲಿ ಮುಕ್ಕಾಲು ಮುಚ್ಚಿಹೋಗಿತ್ತು. ಕನ್ನಡಿ ಚೂರು ಎಂದವಳೇ ಹಾರ ಹಾಕಿದ್ದಾಳೆ ಎಂದು ನನಗೆ ಅಳು ಬಂತು. ಆ ಹಾರ ನನಗೇ ಹಾಕಿದ್ದು ಎಂದುಕೊಂಡೆ. ನಾನೂ ದಡ್ಡಿಯೇ.

ಅದಾಗಿ ತಿಂಗಳು ಕಳೆದ ಮೇಲೆ ಅಮ್ಮನ ಫೋನ್ ಬಂತು. ನಾನು ಸ್ಪೀಕರಿಗೆ ಹಾಕಿದ್ದೆ, ಅತ್ತೆ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. "ತಮ್ಮನ ಕಣ್ಣು ತಿಂದ್ಯಲ್ಲೇ! ನಿನ್ನ ಕೈಯಿಂದ ಹೊರಟಿದ್ದು ಯಾವತ್ತು ನೆಟ್ಟಗಿತ್ತೇ?" ಎಂದಳು ಅಮ್ಮ. ಅತ್ತೆ ಅವರೆಕಾಯಿ ಬದಿಗಿಟ್ಟರು. ಎದ್ದು ಬಂದು ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ಒಳಗೆ ಹೋದರು. ಈಗಲೂ ಕೈ ತೊಳೆದು ಬಾ ಎಂದು ಹೇಳದೆ ಮಗುವನ್ನು ಕೊಡುವುದಿಲ್ಲ. ಆದರೂ ನಾನು ನಿಮಗೆ ಕೃತಜ್ಞಳು. ಬೆಳಕು ಕುಣಿಯುವಷ್ಟು ಕಾಲ ಅದು ರಾಹುಲನ ಮಷೀನ್ ಆಗಿತ್ತು. ಕಣ್ಣು ಹೋದ ಕ್ಷಣದಲ್ಲಿ ಗಂಗಾಶ್ರೀಯ ಮಷೀನ್ ಆಯಿತು. ಕೊನೆಗಾದರೂ ನನ್ನ ವಸ್ತುವಿಗೆ ನನ್ನ ಹೆಸರು ಬಂತು.

ಈಗ ನೀನು ಕಾಯುತ್ತಿರುವ ಮಾತು. ಪೆಟ್ಟಿಗೆ ಬಿಚ್ಚಿದೆ. ಮೂರನೇ ಕನ್ನಡಿ ಕೆಟ್ಟಿತ್ತು. ಮುಂದೆ ಹೋಗಬೇಕಾದ ಬೆಳಕು ಅದರಿಂದ ಮೇಲಕ್ಕೆ ತಿರುಗಿ ನಿನ್ನ ಕಣ್ಣಿಗೆ ಬಂದಿದೆ. ನನ್ನ ಅಂಟು ಬಿಟ್ಟಿತ್ತು, ರಾಹುಲ. ತಪ್ಪು ನನ್ನದು. ಅದನ್ನೇ ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿ ಇದರ ಜೊತೆಗೆ ಇಟ್ಟಿದ್ದೇನೆ. ಉಜ್ಜಪ್ಪನವರಿಗೆ ಆ ಹಾಳೆ ಮಾತ್ರ ತೋರಿಸಿ, ಈ ಕಾಗದ ಬೇಡ. ಮದುವೆ ನಿಲ್ಲುವುದಿಲ್ಲ. ನನ್ನನ್ನು ಎಷ್ಟು ಬೈಯಬೇಕೋ ಅಷ್ಟು ಬೈಯಿ, ಬೈದರೆ ನಿದ್ದೆ ಬರುತ್ತದೆ. ನಿನ್ನನ್ನು ಎತ್ತಿ ಆಡಿಸಿದ ಕೈ ಇದೇ ಎಂಬುದನ್ನು ಬೇಕಿದ್ದರೆ ಮರೆತುಬಿಡು.

ಚೈತ್ರ ಒಳ್ಳೆಯ ಹುಡುಗಿ, ಅವಳ ಕೈ ಬಿಡದೆ ನಡೆ. ಮನೆ ತುಂಬ ಮಕ್ಕಳಾಗಲಿ, ಅವರ ಕಣ್ಣು ಚೆನ್ನಾಗಿರಲಿ.

ನಿನ್ನ ಅಕ್ಕ,
ಗಂಗಾಶ್ರೀ

ತಾ.ಕ.: ಅಮ್ಮ, ಇಲ್ಲಿಂದ ಮುಂದೆ ಮನಸ್ಸಿನಲ್ಲೇ ಓದಿಕೊ. ನನ್ನ ಅಂಟು ಬಿಟ್ಟಿರಲಿಲ್ಲ, ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಬಿಟ್ಟಿತ್ತು ಎಂದು ಬರೆಯುವಾಗ ನನಗೆ ಆದ ನೋವು, ನೀನು ಕಣ್ಣು ತಿಂದವಳು ಎಂದಾಗಲೂ ಆಗಿರಲಿಲ್ಲ. ಕನ್ನಡಿಯ ಮೇಲೆ ಕುಂಕುಮವಿತ್ತು. ಹೊರಗೆ ಹಚ್ಚಿದ್ದು ಸಾಲದೆಂದು ಮುಚ್ಚಳ ತೆಗೆಸಿ ಒಳಗೂ ಹಚ್ಚಿದ್ದೀಯ. ಆ ಬೆಳಕಿನ ಕಾವಿಗೆ ಕುಂಕುಮ ಸುಟ್ಟು, ಕನ್ನಡಿ ಸೀಳಿ, ಅದರ ಒಂದು ಚೂರು ಮೇಲಕ್ಕೆ ಮುಖ ಮಾಡಿ ನಿಂತಿದೆ. ಆ ಚೂರಿನ ಮೇಲೆ ಬೆರಳಿನ ಗುರುತು ಹಾಗೇ ಬೆಂದು ಉಳಿದಿದೆ. ನಡುವೆ ಅಡ್ಡ ಗೆರೆಯೂ ಇದೆ, ಈಳಿಗೆಯಲ್ಲಿ ಕುಯ್ದುಕೊಂಡ ನಿನ್ನ ಉಂಗುರದ ಬೆರಳಿನದು. ಆ ಚೂರನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ, ಯಾರಿಗೂ ತೋರಿಸುವುದಿಲ್ಲ. ಇನ್ನು ಮುಂದೆಯೂ ಬಂದವರ ಮುಂದೆ ನನ್ನನ್ನು ಬೈಯುತ್ತಿರು, ನಿಲ್ಲಿಸಿದರೆ ಅವನಿಗೆ ಅನುಮಾನ ಬರುತ್ತದೆ. ಅವನಿಗೆ ಊಟ ಬಡಿಸುವಾಗ ತಟ್ಟೆ ಎಲ್ಲಿದೆ ಎಂದು ಕೈ ಹಿಡಿದು ತೋರಿಸುತ್ತೀಯಲ್ಲ, ಅದೇ ಬೆರಳಿನಲ್ಲಿ ತೋರಿಸು. ಈಗ ಅವನು "ಆಯ್ತೇನಮ್ಮಾ?" ಎಂದು ಕೇಳುತ್ತಾನೆ. ಆಯ್ತು ಅನ್ನು.