ಬುತ್ತಿ ಬಿಚ್ಚಿದ ಊರುಗಳು

ಇಂಡಿ,
ಗುರುವಾರ, 12-2-2004

ಚಿ. ಸೌ. ದಾನೇಶ್ವರಿಗೆ ನಿನ್ನ ಅಪ್ಪ ಬಸಂತರಾಯ ಮಾಡುವ ಆಶೀರ್ವಾದಗಳು.

ನಿನ್ನ ಮಗಳಿಗೆ ಕೆಳಗಿನ ಎರಡು ಹಲ್ಲು ಬಂದಿವೆ. ಈ ಸುದ್ದಿ ತಂದವನು ಮುದ್ದೇಬಿಹಾಳ ಬಸ್ಸಿನ ಕಂಡಕ್ಟರ್ ನಬಿಲಾಲ. ಮಂಗಳವಾರ ಸಂಜೆ ಇಲ್ಲಿಯ ನಿಲ್ದಾಣದಲ್ಲಿ ನನ್ನನ್ನು ಕಂಡವನೇ ಬೆರಳು ಮುಂದೆ ಹಿಡಿದು, "ಪೇಪರ್ ಕಾಕಾ, ನಿಡಗುಂದ್ಯಾಗ ನಿಮ್ಮ ಮೊಮ್ಮಗಳಿಗೆ ಟಿಕೇಟ ಕೇಳಿದ್ನಿ, ಕಡದ ಬಿಟ್ಟಳ್ರಿ" ಎಂದ. ಅವಳ ಹೆಸರು ಭಾಗ್ಯಾ ಎಂಬುದೂ ಅವನಿಂದಲೇ ಗೊತ್ತಾದದ್ದು. ಒಬ್ಬನೇ ಹೇಳಿದ ಸುದ್ದಿಯನ್ನು ನಾನು ನಂಬುವವನಲ್ಲ. ಆದರೂ ಮನೆಗೆ ಬಂದು ನಿಮ್ಮವ್ವನಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದ ಕೈಯನ್ನು ನಿಲ್ಲಿಸಿ, "ಕೆಳಗಿನವ ಮೊದಲ ಬಂದಾವಲ್ಲ, ಚಲೋ ಆತು" ಎಂದು ಮತ್ತೆ ನಾದಿದಳು. ಬಹಳ ಹೊತ್ತು ನಾದಿದಳು.

ನಿನ್ನ ಆರೋಗ್ಯ ಹೇಗಿದೆ? ಹೆರಿಗೆಯ ನಂತರ ನಿನಗೆ ಬೆನ್ನುನೋವು ಇತ್ತೆಂದು ಕೇಳಿದ್ದೆವು. ಶಾಲೆಯಲ್ಲಿ ನಿಂತೇ ಪಾಠ ಮಾಡುತ್ತೀಯಾ ಅಥವಾ ನಡುನಡುವೆ ಕೂಡುತ್ತೀಯಾ? ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲಿ ಆಗಬೇಕಿತ್ತು. ನಿನ್ನ ಅತ್ತೆ ಶೇವಂತೆವ್ವನವರು ಮಾಡಿದರು. ಅವರಿಗೆ ಕೈಮುಗಿದು ಹೇಳಬೇಕಾದ ಮಾತನ್ನು ಈ ಪತ್ರದಲ್ಲಿ ಕೊನೆಗೆ ಬರೆಯುತ್ತೇನೆ. ಅದಕ್ಕೆ ಮೊದಲು ನಿನಗೆ ಹೇಳದೆ ಇಟ್ಟುಕೊಂಡ ಕೆಲವು ಸಂಗತಿಗಳನ್ನು ತಾರೀಖಿನ ಪ್ರಕಾರ ಬರೆಯಬೇಕಾಗಿದೆ.

2001ರ ಜನವರಿಯಿಂದ 2002ರ ಆಗಸ್ಟ್ ತನಕ ನಾನೂ ನಿಮ್ಮವ್ವ ಸಿದ್ದಲಿಂಗವ್ವನೂ ನಿನಗಾಗಿ ಒಟ್ಟು ಏಳು ಮನೆ ನೋಡಿದೆವು. ಮೊದಲನೆಯದು ಸಿಂದಗಿ ಕಡೆಯ ಕನ್ನೊಳ್ಳಿ. ನನ್ನ ಪುಸ್ತಕದಲ್ಲಿ ಹೀಗಿದೆ: ಹುಡುಗ ಬ್ಯಾಂಕಿನಲ್ಲಿ, ಜಮೀನು ಹದಿನಾರು ಎಕರೆ, ಬಾವಿ ಒಂದು, ಬಾಗಿಲು ಪೂರ್ವಕ್ಕೆ. ಹೊರಗೆ ಬಂದ ಕೂಡಲೇ ನಿಮ್ಮವ್ವ ಕೇಳಿದಳು: "ಎಲ್ಲಾ ಬರಕೊಂಡ್ರಿ. ಆ ಹಿರೀ ಸೊಸಿ ನಾವು ಹೋದಾಗಿಂದ ಬರೂತನಕಾ ಒಮ್ಮೆರ ಕುಂತಳೇನ್ರಿ?" ನಾನು ಅದನ್ನು ನೋಡಿರಲಿಲ್ಲ. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಸಂಬಂಧ ಗೊತ್ತಾಗುವ ತನಕ ಹುಡುಗನ ಮನೆಯಲ್ಲಿ ಊಟ ಮಾಡಬಾರದು ಎಂಬುದು ನಮ್ಮ ಮನೆಯ ರೂಢಿ, ನಿನಗೂ ಗೊತ್ತು. ಅವಲಕ್ಕಿ, ಚಹಾ ನಡೆಯುತ್ತದೆ. ತಾಟಿನ ಮುಂದೆ ಕೂಡುವಂತಿಲ್ಲ. ಅದಕ್ಕೇ ಅವಳು ಪ್ರತಿ ಸಲ ಬುತ್ತಿ ಕಟ್ಟುತ್ತಿದ್ದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಒಂದು ಡಬ್ಬಿಯಲ್ಲಿ ಗಟ್ಟಿ ಮೊಸರು, ನಮ್ಮ ತೋಟದ ಲಿಂಬೆಯ ಉಪ್ಪಿನಕಾಯಿ. ಕನ್ನೊಳ್ಳಿಯಲ್ಲಿ ಊರ ಹೊರಗೆ ಬೇವಿನ ಮರದ ಕೆಳಗೆ ಆ ಬುತ್ತಿ ಬಿಚ್ಚಿದೆವು. ಪಕ್ಕದ ಹೊಲದವರು ಎಳೆ ಜೋಳದ ಸೀತನಿ ಸುಡುತ್ತಿದ್ದರು. ಕರೆದು ಎರಡು ಬೊಗಸೆ ಬಿಸಿ ಜೋಳ ಕೊಟ್ಟರು. ನಿಮ್ಮವ್ವ ಅದಕ್ಕೆ ಹಿಂಡಿ ಕಲಸಿ ಕೊಟ್ಟಳು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ನಾವಿಬ್ಬರೇ ಮನೆಯ ಹೊರಗೆ ಕುಳಿತು ಉಂಡದ್ದು ಅದೇ ಮೊದಲು. ಅಷ್ಟು ವರ್ಷ ನಾನು ತೋಟ ನೋಡಿದೆ, ಪತ್ರಿಕೆಗೆ ಇಂಡಿಯ ಸುದ್ದಿ ಕಳಿಸಿದೆ. ಅವಳನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ.

ಆಮೇಲೆ ಅದೇ ಕ್ರಮವಾಯಿತು. ಹೊರ್ತಿಗೆ ಹೋದಾಗ ರೇವಣಸಿದ್ಧೇಶ್ವರನ ಗುಡಿಯ ಕಟ್ಟೆ. ಬಸವನ ಬಾಗೇವಾಡಿಯಲ್ಲಿ ಎರಡು ಮನೆ ನೋಡಿದೆವು, ಎರಡು ಸಲವೂ ಬಸವಣ್ಣನ ಗುಡಿಗೆ ಹೋದೆವು. ಒಳಗೆ ಕಲ್ಲು ತಣ್ಣಗಿರುತ್ತದೆ ಎಂದು ನಿಮ್ಮವ್ವ ಕಂಬಕ್ಕೆ ಬೆನ್ನು ಕೊಟ್ಟು ಅರ್ಧ ತಾಸು ಏಳಲಿಲ್ಲ. "ವರಾ ಹೆಂಗರ ಇರಲಿ, ಗುಡಿ ಭಾಳ ಚಲೋ ಐತಿ" ಎಂದಳು. ಅಲ್ಲಿ ಸೈದಾಬಿ ಎಂಬಾಕೆಯ ಮಿರ್ಚಿ ಭಜಿ ಅಂಗಡಿ ಇತ್ತು. ಎರಡನೆಯ ಸಲ ನಮ್ಮ ಮುಖ ನೋಡಿಯೇ ಆಕೆ, "ಈ ವರಾನೂ ಬ್ಯಾಡಾತೇನ್ ಯಜಮಾನ್ರ? ಹಿಂಗ ನೋಡಕೋತ ಹೋಗ್ರಿ, ನನ್ನ ಬಾಣಲಿ ಆರಂಗಿಲ್ಲ" ಎಂದಳು. ನಿಮ್ಮವ್ವ ನಕ್ಕು ನಕ್ಕು ಖಾರ ನೆತ್ತಿಗೇರಿಸಿಕೊಂಡಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡ ನೆನಪಿಲ್ಲ.

ಈಗ ಒಪ್ಪಿಕೊಳ್ಳುತ್ತೇನೆ. ಐದನೆಯ ಮನೆಯ ಹೊತ್ತಿಗೆ ನಮಗೆ ವರನಿಗಿಂತ ಬುತ್ತಿ ಬಿಚ್ಚುವ ಜಾಗವೇ ಮುಖ್ಯವಾಗಿತ್ತು. ಸಂಜೆ ನಾವು ಮಾತಾಡಿಕೊಳ್ಳುತ್ತ ಮನೆಗೆ ಬಂದರೆ ನೀನು ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿರುತ್ತಿದ್ದೆ. ಏನಾಯಿತೆಂದು ಕೇಳುತ್ತಿರಲಿಲ್ಲ. ನಾವು ಭಜಿಯ ಸುದ್ದಿ ಹೇಳುತ್ತಿದ್ದೆವು. ಇಡೀ ದಿನ ನೀನು ಏನು ಯೋಚಿಸುತ್ತ ಕುಳಿತಿರುತ್ತೀ ಎಂದು ನಾನು ಒಂದು ಸಲವೂ ಕೇಳಲಿಲ್ಲ.

2002ರ ಜುಲೈನಲ್ಲಿ ನೀನಾಗಿಯೇ ಹೇಳಿದೆ: ನಿನ್ನ ಜೊತೆ ಶಿಕ್ಷಕರ ತರಬೇತಿ ಮುಗಿಸಿದ ಕಾಂತು, ಮನೆ ನಿಡಗುಂದಿಯಲ್ಲಿ, ತಂದೆ ಮಾಳಿಂಗಪ್ಪನವರು ಕುರಿ ಸಾಕಿದವರು. ನಾನು ಪತ್ರಿಕೆ ಮಡಚಲಿಲ್ಲ. ನೀನು ಹೇಳಿದ ಒಂದೇ ಮಾತು ಈಗಲೂ ಕಿವಿಯಲ್ಲಿದೆ: "ಅಷ್ಟು ಮನಿ ನೋಡೀರಿ ಅಪ್ಪಾ, ಇದೊಂದು ನೋಡಿ ಬರ್ರಿ. ಆಮ್ಯಾಲೆ ಬ್ಯಾಡ ಅನ್ರಿ." ಬೇರೆ ಜಾತಿ ಎಂಬ ಮಾತನ್ನು ನಾನು ಬಾಯಿಬಿಟ್ಟು ಆಡಲಿಲ್ಲ. ಆಡುವ ಅಗತ್ಯ ಬೀಳದಂತೆ ಮರುವಾರವೇ ಮುದ್ದೇಬಿಹಾಳದ ಒಂದು ಮನೆ ಗೊತ್ತುಮಾಡಿದೆ.

ಆ ಪ್ರಯಾಣದ ದಿನ ನಮ್ಮ ಬಸ್ಸು ಪಂಕ್ಚರ್ ಆಗಿ ನಿಂತದ್ದು ನಿಡಗುಂದಿಯಲ್ಲೇ. ನಲವತ್ತು ನಿಮಿಷ ನಿಂತಿತು. ನಿಮ್ಮವ್ವ ಒಂದು ಹೋಟೆಲಿನವನನ್ನು ಕೇಳಿ ಬಂದು, "ಏನ್ರೀ, ಮಾಳಿಂಗಪ್ಪನವರ ಮನಿ ಈ ಓಣ್ಯಾಗ ಐತಂತ. ಗಾಡಿ ಹೆಂಗೂ ನಿಂತೈತಲ್ಲ, ಬರೇ ನೋಡಿ ಬರೂಣ ನಡೀರಿ" ಎಂದಳು. ನಾನು, "ನಮ್ಮ ಟಿಕೇಟ ಮುದ್ದೇಬಿಹಾಳಕ್ಕ ಐತಿ" ಎಂದೆ. ಅವಳು ಸೆರಗು ಹೊದ್ದುಕೊಂಡು ಒಬ್ಬಳೇ ಓಣಿಯ ತನಕ ಹೋಗಿ ಬಂದಳು. ಬಂದು ಹೇಳಿದಳು: "ನೀಲಿ ಬಾಗಲಾ. ಕಟ್ಟಿ ಸಾರಸ್ಯಾರ. ಒಬ್ಬಾಕಿ ಹೆಣ್ಣಮಗಳು ಕುರಿಮರಿಗೆ ಬಾಟಲ್ಯಾಗ ಹಾಲು ಕುಡಸಾಕತ್ತಿದ್ಲು, ಅದರ ಕೂಡ ಮಾತಾಡಕೋತ. ಆಕಿ ಕೈ ಭಾಳ ಮೆತ್ತಗ ಅದಾವ್ರಿ." ನಾನು ಪತ್ರಿಕೆಯ ಮುಂದಿನ ಪುಟ ತಿರುವಿದೆ.

ಮುದ್ದೇಬಿಹಾಳದ ಮನೆಯ ವಿವರ ಬರೆಯುವಷ್ಟು ಇಲ್ಲ. ತಿರುಗಿ ಬರುವಾಗ ಆಲಮಟ್ಟಿಗೆ ಹೋದೆವು. ನಾವು ನೋಡಿದ ಜಾಗಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು ಅದೇ. ಇಪ್ಪತ್ತಾರು ಗೇಟುಗಳನ್ನು ಎಣಿಸಿ ಬರೆದುಕೊಂಡೆ. ಹಿನ್ನೀರಿನ ಗಾಳಿಗೆ ರೊಟ್ಟಿ ಹಾರುತ್ತವೆಂದು ನಿಮ್ಮವ್ವ ಅವುಗಳ ಮೇಲೆ ಉಪ್ಪಿನಕಾಯಿ ಡಬ್ಬಿ ಇಟ್ಟಳು. ಇಳಿಯುವಾಗ ಮೆಟ್ಟಿಲು ತಪ್ಪಿದಳು. "ಇಷ್ಟು ದೊಡ್ಡ ಡ್ಯಾಮ ನೋಡಿದಾಕಿಗೆ ಗೇಣುದ್ದ ಪಾವಟಿಗಿ ಕಾಣಲಿಲ್ಲೇನ?" ಎಂದು ನಾನು ಚಾಷ್ಟಿ ಮಾಡಿ ನಕ್ಕೆ. "ಮುಂದಿಂದು ಕಾಣಸ್ತೈತ್ರಿ, ಬದೀಗಿಂದು ಕಾಣವಲ್ದು" ಎಂದಳು. ಅದನ್ನು ನಾನು ಬರೆದುಕೊಳ್ಳಲಿಲ್ಲ.

ಇನ್ನು ಮುಖ್ಯ ಸಂಗತಿ. ಸೆಪ್ಟೆಂಬರ್ ಮೊದಲ ವಾರ ನಾನು ಮಾಳಿಂಗಪ್ಪನವರಿಗೆ ಒಂದು ಪತ್ರ ಬರೆದೆ. "ನಾವು ಬಂದು ನಿಮ್ಮ ಮನೆ ನೋಡಿದ್ದೇವೆ, ನಮಗೆ ಸರಿಬರಲಿಲ್ಲ" ಎಂದು ಬರೆದೆ. ಇಪ್ಪತ್ತೆರಡು ವರ್ಷ ಪತ್ರಿಕೆಗೆ ಸುದ್ದಿ ಕಳಿಸಿದವನು ನಾನು. ಹಳ್ಳದಲ್ಲಿ ಎಮ್ಮೆ ಕೊಚ್ಚಿಹೋದರೂ ಹಳ್ಳದ ದಂಡೆಗೆ ಹೋಗಿ ನಿಂತು ನೋಡದೆ ಬರೆದವನಲ್ಲ. ಹೋಗದ ಜಾಗಕ್ಕೆ ಹೋಗಿದ್ದೇನೆಂದು ಬರೆದದ್ದು ಅದೊಂದೇ. ಹತ್ತು ದಿನಕ್ಕೆ ಅವರಿಂದ ಕಾರ್ಡು ಬಂತು. ಯಾರ ಕೈಯಿಂದಲೋ ಬರೆಸಿದ್ದರು: "ತಾವು ಬಂದದ್ದು ನಮಗೆ ತಿಳಿಯಲಿಲ್ಲ. ದೂರದಿಂದ ಬಂದವರಿಗೆ ಒಂದು ತಂಬಿಗೆ ನೀರು ಕೊಡುವುದು ತಪ್ಪಿತು. ಮನಸ್ಸಿಗೆ ಹಚ್ಚಿಕೊಳ್ಳಬಾರದು." ಆ ಕಾರ್ಡನ್ನು ನಾನು ನಿನಗೆ ತೋರಿಸಲಿಲ್ಲ, ನಿಮ್ಮವ್ವನಿಗೂ ತೋರಿಸಲಿಲ್ಲ. ಮನೆಗಳ ವಿವರ ಬರೆದ ಪುಸ್ತಕದಲ್ಲಿ ಇಟ್ಟೆ. ನವೆಂಬರಿನಲ್ಲಿ ವಿಜಾಪುರದ ರಜಿಸ್ಟ್ರಾರ್ ಕಚೇರಿಯಲ್ಲಿ ನಿಮ್ಮ ಮದುವೆ ಆಯಿತು. ನಾನು ಹೋಗಲಿಲ್ಲ. ನಿಮ್ಮವ್ವ ಸೀರೆ ಉಟ್ಟು ತಯಾರಾಗಿದ್ದಳು; ಅವಳನ್ನೂ ಹೋಗಗೊಡಲಿಲ್ಲ. ಬುತ್ತಿ ಕಟ್ಟುವ ಬಟ್ಟೆಯನ್ನು ಅವಳು ಆ ದಿನ ಒಗೆದು ಮಡಚಿ ಟ್ರಂಕಿನಲ್ಲಿಟ್ಟವಳು ಮತ್ತೆ ತೆಗೆಯಲಿಲ್ಲ. ನಾವು ಎಲ್ಲಿಗೂ ಹೋಗಲೂ ಇಲ್ಲ.

ನೋಡದೆಯೇ ಬೇಡವೆಂದ ಒಂದೇ ಮನೆಯಲ್ಲಿ ನೀನು ಇದ್ದೀ. ನೋಡಿ ಬಂದ ಏಳು ಮನೆಗಳಲ್ಲಿ ಯಾವುದೂ ಈಗ ನಮಗೆ ಏನೂ ಅಲ್ಲ.

ಪತ್ರಿಕೆಯಲ್ಲಿ ತಪ್ಪು ಬಂದರೆ ಮರುದಿನ ತಿದ್ದುಪಡಿ ಕಳಿಸುತ್ತಿದ್ದೆ. ಇದು ಹದಿನೇಳು ತಿಂಗಳು ತಡವಾಗಿದೆ. ಮುಂದಿನ ಸಾಲುಗಳನ್ನು ಮಾಳಿಂಗಪ್ಪನವರಿಗೂ ಶೇವಂತೆವ್ವನವರಿಗೂ ಓದಿ ಹೇಳು. ಬಸಂತರಾಯ ನಿಮ್ಮ ಮನೆ ನೋಡಿರಲಿಲ್ಲ. ನೋಡಿದ್ದೇನೆಂದು ಬರೆದದ್ದು ಸುಳ್ಳು. ನೋಡಿದವಳು ಅವನ ಹೆಂಡತಿ, ಓಣಿಯ ತುದಿಯಿಂದ; ಅವಳಿಗೆ ಮನೆ ಸರಿಬಂದಿತ್ತು. ನೀರು ಕೊಡುವುದು ತಪ್ಪಿದ್ದು ನಿಮ್ಮಿಂದಲ್ಲ. ಮಗಳ ಬಾಣಂತನ ಮಾಡಿದ್ದಕ್ಕೆ ನಾವಿಬ್ಬರೂ ಕೈಮುಗಿಯುತ್ತೇವೆ.

ನಿಮ್ಮವ್ವನ ಜೊತೆ ಒಂದು ದಿನ ಬರಬೇಕೆಂದಿದ್ದೇನೆ. ನಿನಗೂ ಕಾಂತುವಿಗೂ ಬೇಡವೆನಿಸಿದರೆ ನಬಿಲಾಲನ ಕೈಯಲ್ಲಿ ಒಂದು ಚೀಟಿ ಕೊಡು, ಸಾಕು. ಕಾರಣ ಬರೆಯಬೇಕಾಗಿಲ್ಲ. ನಾನು ನಿನಗೆ ಕಾರಣ ಹೇಳಿರಲಿಲ್ಲ.

ಮನೆಯ ಹಿರಿಯರಿಗೆ ನಮ್ಮ ಶರಣು. ಕಾಂತುವಿಗೆ ಆಶೀರ್ವಾದ. ಮಗುವಿಗೆ ಮುತ್ತು.

ನಿನ್ನ ಅಪ್ಪ,
ಬಸಂತರಾಯ

ತಾ.ಕ.: ಟಪಾಲಿನ ವೇಳೆಯಾಯಿತು. ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ನಿಮ್ಮವ್ವನಿಗೆ ಕಣ್ಣು ಕಾಣಿಸುತ್ತಿಲ್ಲ. ಜನವರಿಯಲ್ಲಿ ಲಿಂಬೆ ಆರಿಸುವಾಗ ಹಸಿರನ್ನೂ ಹಳದಿಯನ್ನೂ ಒಂದೇ ಬುಟ್ಟಿಗೆ ಹಾಕಿದಳು, ಆಗ ನನಗೆ ಗೊತ್ತಾಯಿತು. ಅಲ್ಲಿಯ ತನಕ ಮುಚ್ಚಿಟ್ಟಿದ್ದಳು. ಹೋದ ವಾರ ವಿಜಾಪುರದಲ್ಲಿ ತೋರಿಸಿದೆವು. ಕಣ್ಣಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಬದಿಯ ನೋಟ ಹೋಗುತ್ತಿದ್ದಾಗಲೇ ಬರಬೇಕಿತ್ತು, ಹೋದದ್ದು ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿಗೆ ಬೆಳಕು ನೆರಳು ಅಷ್ಟೇ. ಬಾಗಿಲಿಗೆ ಬೇರೆ ಬಣ್ಣ ಹಚ್ಚುವ ವಿಚಾರವಿದ್ದರೆ ನಾವು ಬಂದುಹೋಗುವ ತನಕ ತಡೆಯಿರಿ. ಅವಳು ನೋಡಿದ್ದು ನೀಲಿ, ಅವಳ ಲೆಕ್ಕದಲ್ಲಿ ಅದು ಈಗಲೂ ನೀಲಿಯೇ. ಬಂದ ಕೂಡಲೇ ಮಗುವನ್ನು ಅವಳ ಕೈಗೆ ಕೊಡು, ಹಲ್ಲನ್ನು ಅವಳು ಬೆರಳಿನಿಂದ ಮುಟ್ಟಿ ನೋಡುತ್ತಾಳಂತೆ. ನಿನ್ನಿಂದ ಚೀಟಿ ಬರದಿದ್ದರೆ ಶಿವರಾತ್ರಿ ಮುಗಿದ ಮೇಲೆ, ರವಿವಾರ 22ರಂದು, ಬೆಳಿಗ್ಗೆ 6.45ರ ಬಸ್ಸಿಗೆ ಹೊರಡುತ್ತೇವೆ. ನಿಡಗುಂದಿ 10.15ಕ್ಕೆ. ಟಿಕೆಟ್ ಅಲ್ಲಿಯ ತನಕ ಮಾತ್ರ. ಬುತ್ತಿ ತರುವುದಿಲ್ಲ.